ಡಿ'ಸೋಜ ಹೆಸರಿಗೆ ಮುಗ್ಗರಿಸುವ ಲಾಗಿನ್

ಹೇವರ್ಡ್ ಎಂದರೆ ಭೂಗರ್ಭಶಾಸ್ತ್ರಜ್ಞರಿಗೆ ಮೊದಲು ನೆನಪಾಗುವುದು ನೆಲದೊಳಗಿನ ಬಿರುಕು. 1868ರ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವ ದಂಡೆಯನ್ನು ನಡುಗಿಸಿದ ಭೂಕಂಪ ಹುಟ್ಟಿದ್ದು ಆ ಬಿರುಕಿನಲ್ಲೇ. ಕಂಪ್ಯೂಟರ್ ಮಂದಿಗೆ ಈ ಊರು ಕುತೂಹಲ ಹುಟ್ಟಿಸುವುದು ಬೇರೆ ಕಾರಣಕ್ಕೆ, ಅದು ಕುಳಿತಿರುವ ಜಾಗಕ್ಕೆ. ಇಲ್ಲಿನ ಬಾರ್ಟ್ ನಿಲ್ದಾಣದಲ್ಲಿ ಕಿತ್ತಳೆ ಮಾರ್ಗದ ರೈಲು ಹತ್ತಿ ಉತ್ತರಕ್ಕೆ ಹೋದರೆ ಬರ್ಕ್ಲಿ, ದಕ್ಷಿಣಕ್ಕೆ ಹೋದರೆ ಸ್ಯಾನ್ ಹೊಸೆ. ಪಶ್ಚಿಮಕ್ಕೆ ಹೊರಟು, ಕೊಲ್ಲಿಯ ಮೇಲಿನ ಸುಮಾರು 11 ಕಿಲೋಮೀಟರ್ ಉದ್ದದ ಸೇತುವೆ ದಾಟಿ ತುಸು ಎಡಕ್ಕೆ ತಿರುಗಿದರೆ ರೆಡ್‌ವುಡ್ ಶೋರ್ಸ್. ಇವತ್ತು ಲಾಗಿನ್ ಪುಟಗಳ ಹಿಂದೆ ದುಡಿಯುತ್ತಿರುವ ಡೇಟಾಬೇಸ್ ವಿದ್ಯೆಯ ದೊಡ್ಡ ಪಾಲು ಬೆಳೆದದ್ದು ಈ ಮೂರು ಊರುಗಳಲ್ಲಿ. ಹೇವರ್ಡ್ ಮೂರಕ್ಕೂ ನಡುವೆ ಇದೆ.

ಸ್ಯಾನ್ ಹೊಸೆಯ ಐಬಿಎಂ ಸಂಶೋಧನಾಲಯದಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಮಾಹಿತಿಯನ್ನೆಲ್ಲ ಸಾಲು ಮತ್ತು ಕಂಬಗಳಿರುವ ಕೋಷ್ಟಕಗಳಲ್ಲಿಡಿ, ಏನು ಬೇಕು ಎಂಬುದನ್ನಷ್ಟೇ ಕೇಳಿ, ಹುಡುಕುವ ದಾರಿಯನ್ನು ಯಂತ್ರವೇ ನೋಡಿಕೊಳ್ಳಲಿ ಎಂಬುದು ಅದರ ತಿರುಳು. ಕಾಡ್ ಗಣಿತದವರು, ಅವರ ಸಂಕೇತಗಳು ಗಣಿತಜ್ಞರಿಗೇ ಸರಿ. ಅದೇ ಕಂಪನಿಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ಆ ವಿಚಾರಕ್ಕೆ ಇಂಗ್ಲಿಷಿನಂತೆ ಓದಿಸಿಕೊಳ್ಳುವ ಭಾಷೆಯೊಂದನ್ನು ತೊಡಿಸಿದರು. ಹೆಸರು ಸೀಕ್ವೆಲ್. ಬ್ರಿಟನ್ನಿನ ವಿಮಾನ ಕಂಪನಿಯೊಂದು ಆ ಹೆಸರನ್ನು ಮೊದಲೇ ನೋಂದಾಯಿಸಿಕೊಂಡಿದ್ದರಿಂದ ಅದು ಎಸ್‌ಕ್ಯುಎಲ್ ಆಯಿತು. ಭಾಷೆ ಬೆಳೆದದ್ದನ್ನು ನೋಡಲು ಬಾಯ್ಸ್ ಉಳಿಯಲಿಲ್ಲ, ಅದೇ ವರ್ಷ ತೀರಿಕೊಂಡರು. ಅತ್ತ ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಮತ್ತು ಯೂಜೀನ್ ವಾಂಗ್ 1973ರಿಂದ ಇಂಗ್ರೆಸ್ ಕಟ್ಟುತ್ತಿದ್ದರು. ಇಂದಿನ ಪೋಸ್ಟ್‌ಗ್ರೆಸ್ ಅದರ ಸಂತತಿ. ಐಬಿಎಂನ ಪ್ರಬಂಧಗಳನ್ನು ಓದಿ, ಐಬಿಎಂಗಿಂತ ಮೊದಲೇ 1979ರಲ್ಲಿ ಎಸ್‌ಕ್ಯುಎಲ್ ಡೇಟಾಬೇಸನ್ನು ಮಾರುಕಟ್ಟೆಗೆ ತಂದದ್ದು ಲ್ಯಾರಿ ಎಲಿಸನ್ ಮತ್ತು ಜೊತೆಗಾರರ ಕಂಪನಿ. ಮುಂದೆ ಒರಾಕಲ್ ಎಂಬ ಹೆಸರು ಪಡೆದ ಅದು ರೆಡ್‌ವುಡ್ ಶೋರ್ಸ್‌ನಲ್ಲಿ ದಶಕಗಳ ಕಾಲ ನೆಲೆಸಿತ್ತು.

ಪ್ರೋಗ್ರಾಂ ಬರೆಯಲು ಬಾರದವರೂ ಡೇಟಾಬೇಸಿನೊಂದಿಗೆ ಮಾತಾಡಲಿ ಎಂಬುದು ಚೇಂಬರ್ಲಿನ್ ಮತ್ತು ಬಾಯ್ಸ್ ಅವರ ಆಸೆಯಾಗಿತ್ತು. ಆದದ್ದು ಬೇರೆ. ಇಂದು ಎಸ್‌ಕ್ಯುಎಲ್ ವಾಕ್ಯಗಳಲ್ಲಿ ಬಹುಪಾಲನ್ನು ಮನುಷ್ಯರು ಟೈಪ್ ಮಾಡುವುದೇ ಇಲ್ಲ. ಇನ್ನೊಂದು ಭಾಷೆಯಲ್ಲಿ ಬರೆದ ಪ್ರೋಗ್ರಾಂ ಆ ವಾಕ್ಯಗಳನ್ನು ಕ್ಷಣಕ್ಷಣಕ್ಕೂ ಹೊಸೆದು ಕಳಿಸುತ್ತಿರುತ್ತದೆ. ಲಾಗಿನ್ ಕೋಡಿನ ತಲೆನೋವು ಶುರುವಾಗುವುದು ಅಲ್ಲಿಂದ.

ಲತಾ ಎಂಬ ಸದಸ್ಯೆ ತನ್ನ ಹೆಸರು, ಪಾಸ್‌ವರ್ಡ್ ಹೊಡೆದು ಗುಂಡಿ ಒತ್ತಿದಳು ಎನ್ನೋಣ. ಸರ್ವರಿನಲ್ಲಿರುವ ಪಿಎಚ್‌ಪಿ ಪ್ರೋಗ್ರಾಂ ಆ ಎರಡನ್ನೂ ತೆಗೆದುಕೊಂಡು, ತಾನು ಮೊದಲೇ ಇಟ್ಟುಕೊಂಡಿರುವ ತುಣುಕುಗಳ ನಡುವೆ ಸೇರಿಸಿ ಒಂದು ವಾಕ್ಯ ಮಾಡುತ್ತದೆ. ಅಸಲಿನಲ್ಲಿ ಅದು ಇಂಗ್ಲಿಷ್ ಅಕ್ಷರಗಳಲ್ಲಿರುತ್ತದೆ, ಓದುವ ಅನುಕೂಲಕ್ಕೆ ಇಲ್ಲಿ ಕನ್ನಡದಲ್ಲಿ:

ಸೆಲೆಕ್ಟ್ * ಫ್ರಮ್ ಸದಸ್ಯರು ವೇರ್ ಹೆಸರು = 'ಲತಾ' ಆಂಡ್ ಪಾಸ್‌ವರ್ಡ್ = 'ಮಲ್ಲಿಗೆ'

ಸದಸ್ಯರು ಎಂಬ ಕೋಷ್ಟಕದಲ್ಲಿ ಈ ಹೆಸರೂ ಈ ಪಾಸ್‌ವರ್ಡೂ ಒಟ್ಟಿಗಿರುವ ಸಾಲು ಇದ್ದರೆ ಕೊಡು ಎಂದು ಅರ್ಥ. ಸಾಲು ಸಿಕ್ಕಿದರೆ ಲತಾ ಒಳಗೆ, ಇಲ್ಲದಿದ್ದರೆ ಹೊರಗೆ. ಹೊಸಬರು ಎಲ್ಲೆಲ್ಲೂ ಬರೆಯುವ, ಹಳೆಯ ಪಠ್ಯಗಳೂ ಕಲಿಸುತ್ತಿದ್ದ ರೀತಿ ಇದು. ಇದರಲ್ಲಿ ಎರಡು ದೊಡ್ಡ ದೋಷಗಳಿವೆ. ಅವಕ್ಕೆ ಬರುವ ಮುನ್ನ ಸಣ್ಣ ದೋಷವನ್ನು ನೋಡಬೇಕು, ಏಕೆಂದರೆ ಪರದೆಯ ಮೇಲೆ ಮೊದಲು ಕಾಣುವುದು ಅದೇ.

ಪಿಎಚ್‌ಪಿ ಭಾಷೆಯ ದೃಷ್ಟಿಯಲ್ಲಿ ಮೇಲಿನ ಇಡೀ ಎಸ್‌ಕ್ಯುಎಲ್ ವಾಕ್ಯ ಕೋಟ್ ಚಿಹ್ನೆಗಳ ನಡುವಿನ ಒಂದು ಅಕ್ಷರಮಾಲೆ, ಅಷ್ಟೆ. ಆ ಮಾಲೆಯೊಳಗೆ ಎಸ್‌ಕ್ಯುಎಲ್‌ಗೆ ಬೇಕಾದ ಬೇರೆ ಕೋಟ್ ಚಿಹ್ನೆಗಳು. ಕೋಟಿನೊಳಗೆ ಕೋಟು. ಇವುಗಳಲ್ಲಿ ಯಾವುದಾದರೊಂದು ತಪ್ಪಿಹೋದರೆ, ಒಂದು ಅಲ್ಪವಿರಾಮ ಹೆಚ್ಚಾದರೆ, ಆವರಣವೊಂದು ಮುಚ್ಚದೆ ಉಳಿದರೆ ಸಿಂಟ್ಯಾಕ್ಸ್ ಎರರ್. ಯಂತ್ರ ವಾಕ್ಯವನ್ನು ಓದುವುದು ಎರಡು ಹಂತದಲ್ಲಿ. ಮೊದಲು ಅಕ್ಷರಗಳನ್ನು ಪದಗಳಾಗಿ ಕತ್ತರಿಸಿಕೊಳ್ಳುತ್ತದೆ, ಆಮೇಲೆ ಆ ಪದಗಳು ಭಾಷೆಯ ವ್ಯಾಕರಣ ಒಪ್ಪುವ ಕ್ರಮದಲ್ಲಿವೆಯೇ ಎಂದು ಎಡದಿಂದ ಬಲಕ್ಕೆ ಪರೀಕ್ಷಿಸುತ್ತದೆ. ಕಂಪ್ಯೂಟರ್ ಭಾಷೆಗಳ ವ್ಯಾಕರಣವನ್ನು ಸೂತ್ರಗಳಲ್ಲಿ ಬರೆಯುವ ಪದ್ಧತಿಗೆ ಜಾನ್ ಬ್ಯಾಕಸ್ ಹೆಸರಿದೆ. ಅವರು ಕೂಡ ಐಬಿಎಂನವರೇ. ಇಂಥ ಸೂತ್ರಗಳನ್ನು ಪಾಣಿನಿ ಎಂದೋ ಬಳಸಿದ್ದನಾದ್ದರಿಂದ ಈ ಪದ್ಧತಿಗೆ ಪಾಣಿನಿಯ ಹೆಸರನ್ನೂ ಸೇರಿಸೋಣ ಎಂದು ಪೀಟರ್ ಇಂಗರ್‌ಮನ್ 1967ರಲ್ಲಿ ಸೂಚಿಸಿದ್ದರು. ಸೂಚನೆ ಸೂಚನೆಯಾಗಿಯೇ ಉಳಿಯಿತು.

ಹೀಗೆ ಓದುತ್ತ ಹೋಗುವ ಯಂತ್ರ ದೂರುವುದು ತಪ್ಪು ನಡೆದ ಜಾಗದಲ್ಲಲ್ಲ, ತನಗೆ ಮುಂದೆ ಹೋಗಲಾಗದೆ ನಿಂತ ಜಾಗದಲ್ಲಿ. ಈ ಒಂದು ಸಂಗತಿ ತಿಳಿದಿದ್ದರೆ ಅರ್ಧ ಕೆಲಸ ಮುಗಿದಂತೆ. ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸಿನ ಪ್ರಸಿದ್ಧ 1064ನೇ ದೋಷ, ಇಂಥ ಪದದ ಬಳಿ ನಿಮ್ಮ ವಾಕ್ಯರಚನೆ ಸರಿಯಿಲ್ಲ ಎನ್ನುತ್ತದೆ. ಆ ಪದ ಬಹುಮಟ್ಟಿಗೆ ನಿರಪರಾಧಿ, ಅದರ ಹಿಂದಿನದನ್ನು ನೋಡಬೇಕು. ಪಿಎಚ್‌ಪಿಯ ಹಳೆಯ ಆವೃತ್ತಿಗಳು ಇನ್ನೂ ಒಂದು ಹೆಜ್ಜೆ ಮುಂದೆ. ಹತ್ತನೇ ಸಾಲಿನಲ್ಲಿ ತೆರೆದ ಆವರಣ ಮುಚ್ಚದಿದ್ದರೆ ಅವು ಕಡತದ ಕೊನೆಯವರೆಗೂ ಕಾದು, ಕಡತ ಇಷ್ಟು ಬೇಗ ಮುಗಿಯಬಾರದಿತ್ತು ಎಂದು ಕೊನೆಯ ಸಾಲಿನ ಸಂಖ್ಯೆ ಕೊಡುತ್ತಿದ್ದವು. ಹೊಸಬರು ಏನೂ ಇಲ್ಲದ ಆ ಕೊನೆಯ ಸಾಲನ್ನು ದಿಟ್ಟಿಸುತ್ತ ಕೂರುತ್ತಿದ್ದರು. ಅವುಗಳಲ್ಲಿ 'ಪಾಮಾಯಿಮ್ ನೆಕುದೋತಾಯಿಮ್ ನಿರೀಕ್ಷಿಸಿರಲಿಲ್ಲ' ಎಂಬ ದೂರು ಕೂಡ ಬರುತ್ತಿತ್ತು. ಮಂತ್ರವೇನಲ್ಲ, ಎರಡು ಜೋಡಿ ಚುಕ್ಕೆಗಳಿಗೆ ಹೀಬ್ರೂ ಹೆಸರು. ಆ ಭಾಗವನ್ನು ಬರೆದವರು ಇಸ್ರೇಲಿನ ವಿದ್ಯಾರ್ಥಿಗಳಾಗಿದ್ದರು.

ಪಳಗಿದವರು ಮೊದಲು ಕೇಳಿಕೊಳ್ಳುವುದು: ದೂರುತ್ತಿರುವವರು ಯಾರು, ಪಿಎಚ್‌ಪಿಯೋ ಡೇಟಾಬೇಸೋ? ಎರಡನೆಯದಾದರೆ ಪ್ರೋಗ್ರಾಮನ್ನು ಓದಿ ಪ್ರಯೋಜನ ಕಡಿಮೆ. ಅದು ಹೊಸೆದ ವಾಕ್ಯವನ್ನು ಹೊರಗೆ ಮುದ್ರಿಸಿ ನೋಡಬೇಕು. ತುಣುಕುಗಳಾಗಿದ್ದಾಗ ಸರಿಯಾಗಿ ಕಂಡದ್ದು ಜೋಡಿಸಿದಾಗ ನಡುವೆ ಜಾಗವೇ ಇಲ್ಲದೆ ಅಂಟಿಕೊಂಡಿರುತ್ತದೆ. ಇನ್ನೊಮ್ಮೆ ಕೋಟ್ ಚಿಹ್ನೆಗಳೇ ಬೇರೆಯಾಗಿರುತ್ತವೆ. ವರ್ಡ್ ಕಡತದಿಂದ ಕೋಡ್ ನಕಲು ಮಾಡಿದರೆ ನೇರ ಚಿಹ್ನೆಯ ಬದಲು ಬಾಗಿದ ಚಿಹ್ನೆ ಬರುತ್ತದೆ. ಕಣ್ಣಿಗೆ ಚೆಂದ, ಯಂತ್ರಕ್ಕೆ ಅದು ಕೋಟೇ ಅಲ್ಲ.

ಭಾಷೆ ತನಗಾಗಿ ಕಾಯ್ದಿರಿಸಿಕೊಂಡ ಪದಗಳು ಮತ್ತೊಂದು ಕಾಟ. ವರ್ಷಗಟ್ಟಲೆ ನೆಟ್ಟಗೆ ನಡೆದ ಕೋಡ್, ಮೈಎಸ್‌ಕ್ಯುಎಲ್ 8.0ಕ್ಕೆ ಬದಲಾಯಿಸಿದ ದಿನ ನಿಂತುಹೋಗಿ, ಕಾರಣ ಹುಡುಕಿದರೆ ಕಂಬವೊಂದಕ್ಕೆ ರ‍್ಯಾಂಕ್ ಎಂದು ಹೆಸರಿಟ್ಟದ್ದು ಹೊರಬೀಳಬಹುದು. ಆ ಆವೃತ್ತಿಯಲ್ಲಿ ಅದು ಕಾಯ್ದಿರಿಸಿದ ಪದವಾಯಿತು. ಪೋಸ್ಟ್‌ಗ್ರೆಸ್‌ನಲ್ಲಿ ಯೂಸರ್ ಎಂಬ ಪದದ ಕಥೆ ಇನ್ನೂ ಸ್ವಾರಸ್ಯದ್ದು. ಆ ಹೆಸರಿನ ಕೋಷ್ಟಕ ಮಾಡಹೊರಟರೆ ಸಿಂಟ್ಯಾಕ್ಸ್ ಎರರ್ ಬರುತ್ತದೆ. ಆದರೆ 'ಸೆಲೆಕ್ಟ್ * ಫ್ರಮ್ ಯೂಸರ್' ಎಂದು ಕೇಳಿದರೆ ತಕರಾರಿಲ್ಲದೆ ಒಂದು ಸಾಲು ಬರುತ್ತದೆ. ಅದರಲ್ಲಿರುವುದು ಜಾಲತಾಣದ ಸದಸ್ಯರಲ್ಲ, ಆ ಕ್ಷಣ ಡೇಟಾಬೇಸಿಗೆ ಸಂಪರ್ಕ ಪಡೆದಿರುವ ಖಾತೆಯ ಹೆಸರು.

ಎರರ್ ಬಂದದ್ದಕ್ಕಿಂತ ಬಾರದಿದ್ದದ್ದು ಕೆಟ್ಟದ್ದು ಎಂಬುದಕ್ಕೆ ಇದು ಸಣ್ಣ ಉದಾಹರಣೆ. ದೊಡ್ಡವು ಬೇ ಏರಿಯಾ ಎನ್ನುವ ಇದೇ ಕೊಲ್ಲಿ ಪ್ರದೇಶದಲ್ಲೇ ಇವೆ. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಶಾಲೆಯಲ್ಲಿ ಓದಿದ್ದ ಸಬೀರ್ ಭಾಟಿಯಾ, ಜ್ಯಾಕ್ ಸ್ಮಿತ್ ಜೊತೆ 1996ರಲ್ಲಿ ಆರಂಭಿಸಿದ ಹಾಟ್‌ಮೇಲ್ ಮುಂದಿನ ವರ್ಷವೇ ಮೈಕ್ರೋಸಾಫ್ಟ್ ಪಾಲಾಯಿತು. 1999ರ ಆಗಸ್ಟ್ ಕೊನೆಯಲ್ಲಿ ಒಂದು ಸುದ್ದಿ ಹೊರಬಿತ್ತು: ಒಂದು ನಿರ್ದಿಷ್ಟ ಮಾರ್ಗದಲ್ಲಿ ಹೋದರೆ ಯಾರ ಹಾಟ್‌ಮೇಲ್ ಖಾತೆಗಾದರೂ 'ಇ', 'ಎಚ್' ಎಂಬ ಎರಡೇ ಅಕ್ಷರಗಳ ಪಾಸ್‌ವರ್ಡ್ ಸಾಕು. ಕೋಟ್ಯಂತರ ಜನರ ಅಂಚೆ ಬಯಲಾಗಿತ್ತು. ಸರ್ವರ್‌ಗಳನ್ನು ಕೆಲವು ಗಂಟೆ ನಿಲ್ಲಿಸಿ ಸರಿಪಡಿಸಬೇಕಾಯಿತು. 2014ರ ಫೆಬ್ರವರಿಯಲ್ಲಿ ಆ್ಯಪಲ್ ತುರ್ತಾಗಿ ತಿದ್ದಿದ ದೋಷವಂತೂ ಒಂದೇ ಸಾಲು ಎರಡು ಸಲ ಅಚ್ಚಾದದ್ದು. 'ಗೋಟು ಫೇಲ್' ಎಂಬ ಆ ಹೆಚ್ಚುವರಿ ಸಾಲಿನಿಂದಾಗಿ ಸುರಕ್ಷಿತ ಸಂಪರ್ಕದ ಸಹಿ ತಪಾಸಣೆಯೇ ತಪ್ಪಿಹೋಗುತ್ತಿತ್ತು. ವ್ಯಾಕರಣದ ಪ್ರಕಾರ ವಾಕ್ಯ ಶುದ್ಧವಾಗಿದ್ದರಿಂದ ಯಂತ್ರ ಕೊಕ್ಕೆ ತೆಗೆಯಲಿಲ್ಲ.

ಈಗ ಆ ಎರಡು ದೊಡ್ಡ ದೋಷಗಳು. ಮಂಗಳೂರು ಕಡೆಯವರೊಬ್ಬರು ಅದೇ ಲಾಗಿನ್ ಪುಟಕ್ಕೆ ಬರುತ್ತಾರೆ. ಕುಲನಾಮ ಡಿ'ಸೋಜ. ಡಿ'ಸಿಲ್ವ, ಡಿ'ಕೋಸ್ಟ ಎಂದಾದರೂ ಆಗಬಹುದು, ಐರಿಷ್ ಮೂಲದ ಓ'ಬ್ರಿಯನ್ ಆದರೂ ಸರಿಯೇ. ಇಂಗ್ಲಿಷಿನಲ್ಲಿ ಆ ಹೆಸರು ಬರೆಯುವಾಗ ನಡುವೆ ಒಂದು ಕೋಟ್ ಚಿಹ್ನೆ ಸಹಜವಾಗಿ ಬರುತ್ತದೆ. ವಾಕ್ಯ ಹೀಗಾಗುತ್ತದೆ: ವೇರ್ ಹೆಸರು = 'ಡಿ'ಸೋಜ'. ಡೇಟಾಬೇಸ್ ಓದುತ್ತದೆ: ಹೆಸರು 'ಡಿ', ಅಲ್ಲಿಗೆ ಮುಗಿಯಿತು. ಆಮೇಲೆ ಬಂದ ಸೋಜ ಯಾರು? ಸಿಂಟ್ಯಾಕ್ಸ್ ಎರರ್!

ಇದನ್ನು ಸರಿಪಡಿಸುವ ಕೆಟ್ಟ ವಿಧಾನಗಳು ಹಲವಿವೆ. ಹೆಸರಿನಲ್ಲಿ ಕೋಟ್ ಚಿಹ್ನೆ ಹಾಕಬಾರದು ಎಂದು ಡಿ'ಸೋಜರಿಗೇ ಹೇಳುವುದು ಒಂದು. ಹುಟ್ಟಿನಿಂದ ಬಂದ ಹೆಸರನ್ನು ಅಮಾನ್ಯ ಎಂದು ಕೆಂಪಕ್ಷರದಲ್ಲಿ ತೋರಿಸುವ ತಾಣಗಳು ಇವತ್ತಿಗೂ ಇವೆ, ಅದು ಸೋಮಾರಿತನ. ಚಿಹ್ನೆಯ ಹಿಂದೆ ಓರೆಗೆರೆ ಸೇರಿಸಿ ಅದರ ವಿಷ ಇಳಿಸುವುದು ಇನ್ನೊಂದು, ಪಿಎಚ್‌ಪಿ ಲೋಕದಲ್ಲಿ ಬಹುಕಾಲ ನಡೆದ ಪದ್ಧತಿ. ಒಂದು ಕಡೆ ಮರೆತರೂ ಸಾಕು, ಕಥೆ ಮುಗಿಯಿತು. ಡಿ'ಸೋಜರ ಹೆಸರಿನಿಂದ ಎರರ್ ಬಂತೆಂದರೆ, ಬಳಕೆದಾರರು ಬರೆದ ಮಾಹಿತಿಯನ್ನು ಡೇಟಾಬೇಸ್ ಆಜ್ಞೆ ಎಂದು ಓದುತ್ತಿದೆ ಎಂದರ್ಥ. ಪ್ರಾಮಾಣಿಕರು ಅರಿಯದೆ ಎಡವಿದ್ದನ್ನು ಕಿಡಿಗೇಡಿಗಳು ಅರಿತೇ ಬಳಸಿಕೊಳ್ಳಬಲ್ಲರು.

ಉದಾಹರಣೆಗೆ ಪಾಸ್‌ವರ್ಡ್ ಚೌಕದಲ್ಲಿ ಒಬ್ಬ ಹೀಗೆ ಬರೆಯುತ್ತಾನೆ: ' ಆರ್ '1' = '1. ಹೊಸೆದ ವಾಕ್ಯದ ಬಾಲ ಹೀಗಾಗುತ್ತದೆ: ಹೆಸರು = 'ಲತಾ' ಆಂಡ್ ಪಾಸ್‌ವರ್ಡ್ = '' ಆರ್ '1' = '1'. ಈ ಬಾರಿ ಕೋಟುಗಳೆಲ್ಲ ಜೋಡಿ ಜೋಡಿಯಾಗಿವೆ, ವ್ಯಾಕರಣ ನಿರ್ದುಷ್ಟ. ಅರ್ಥ ಮಾತ್ರ ಬುಡಮೇಲು: ಹೆಸರೂ ಪಾಸ್‌ವರ್ಡೂ ಸರಿಯಿರಬೇಕು, ಅಥವಾ ಒಂದು ಒಂದಕ್ಕೆ ಸಮನಾಗಿರಬೇಕು. ಒಂದು ಒಂದಕ್ಕೆ ಯಾವಾಗಲೂ ಸಮ. ಡೇಟಾಬೇಸ್ ಎಲ್ಲ ಸಾಲುಗಳನ್ನೂ ತಂದು ಸುರಿಯುತ್ತದೆ, ಪ್ರೋಗ್ರಾಂ ಮೊದಲನೆಯದನ್ನು ಹಿಡಿದು ಸ್ವಾಗತ ಹೇಳುತ್ತದೆ. ಎಷ್ಟೋ ಕಡೆ ಆ ಮೊದಲ ಸಾಲು ಅಡ್ಮಿನ್‌ನದು.

ಜೆಫ್ ಫಾರಿಸ್ಟಾಲ್ 1998ರ ಡಿಸೆಂಬರ್‌ನಲ್ಲಿ ಗುಪ್ತನಾಮದಲ್ಲಿ 'ಫ್ರ್ಯಾಕ್' ಪತ್ರಿಕೆಗೆ ಬರೆದು ಈ ಬಗೆಯ ದಾಳಿಯನ್ನು ಬಹಿರಂಗಪಡಿಸಿದರು. ಎಸ್‌ಕ್ಯುಎಲ್ ಇಂಜೆಕ್ಷನ್ ಎಂಬ ಹೆಸರು ಆಮೇಲೆ ರೂಢಿಗೆ ಬಂತು. ಎಲ್ಲರಿಗೂ ಗೊತ್ತಾದ ಮೇಲೆ ಅದು ನಿಲ್ಲಬೇಕಿತ್ತು, ನಿಲ್ಲಲಿಲ್ಲ. 2009ರ ಡಿಸೆಂಬರ್‌ನಲ್ಲಿ ಬೇ ಏರಿಯಾದ ರಾಕ್‌ಯೂ ಕಂಪನಿಯಿಂದ 3.2 ಕೋಟಿ ಪಾಸ್‌ವರ್ಡ್‌ಗಳು ಇದೇ ದಾರಿಯಲ್ಲಿ ಸೋರಿದವು. ಅಲ್ಲಿ ಅವನ್ನು ಇದ್ದ ಹಾಗೆಯೇ ಬರೆದಿಟ್ಟಿದ್ದರು. ಎಲ್ಲಕ್ಕಿಂತ ಹೆಚ್ಚು ಜನರ ಆಯ್ಕೆ 123456 ಎಂದು ಆ ಪಟ್ಟಿಯಿಂದಲೇ ಗೊತ್ತಾಯಿತು. 2012ರ ಜುಲೈನಲ್ಲಿ ಸನ್ನಿವೇಲ್‌ನ ಯಾಹೂ ಸರದಿ, ಸುಮಾರು 4.5 ಲಕ್ಷ ಖಾತೆಗಳು. ಅಮೆರಿಕದ ಹಾರ್ಟ್‌ಲ್ಯಾಂಡ್ ಪಾವತಿ ಕಂಪನಿಯಿಂದ 13 ಕೋಟಿ ಕಾರ್ಡ್ ಸಂಖ್ಯೆಗಳು ಹೋದ ಮೊಕದ್ದಮೆಯಲ್ಲೂ ಮೊದಲ ಪ್ರವೇಶ ಇಂಜೆಕ್ಷನ್‌ನಿಂದಲೇ. ಆಲ್ಬರ್ಟ್ ಗೊನ್ಸಾಲೆಸ್ ಅದಕ್ಕಾಗಿ 2010ರಲ್ಲಿ 20 ವರ್ಷಗಳ ಶಿಕ್ಷೆ ಪಡೆದ. ವೆಬ್ ಸುರಕ್ಷತೆಯ ಒವಾಸ್ಪ್ ಸಂಸ್ಥೆಯ ಅಪಾಯಗಳ ಪಟ್ಟಿಯಲ್ಲಿ 2010, 2013, 2017ರಲ್ಲಿ ಇಂಜೆಕ್ಷನ್‌ನದೇ ಮೊದಲ ಸ್ಥಾನ. 2021ರಲ್ಲಿ ಮೂರನೆಯದಕ್ಕೆ ಇಳಿಯಿತು.

ದಾಳಿಗಳೆಲ್ಲ ಲಾಗಿನ್ ವಾಕ್ಯದಿಂದಲೇ ಆಗುತ್ತವೆ ಎಂದೇನಲ್ಲ. 2023ರ ಜುಲೈನಲ್ಲಿ ಹೇವರ್ಡ್ ನಗರಾಡಳಿತವೇ ತನ್ನ ಜಾಲತಾಣವನ್ನು ಕೆಳಗಿಳಿಸಿ ತುರ್ತು ಪರಿಸ್ಥಿತಿ ಘೋಷಿಸಬೇಕಾಗಿ ಬಂತು. ಅದು ರಾನ್ಸಮ್‌ವೇರ್ ಕಾಟ. ಆ ವರ್ಷದ ಫೆಬ್ರವರಿಯಲ್ಲಿ ನೆರೆಯ ಓಕ್ಲೆಂಡ್‌ಗೂ ಅದೇ ಗತಿಯಾಗಿತ್ತು. ಒಂದು ಊರಿನ ಎಷ್ಟು ಕೆಲಸಗಳು ಆನ್‌ಲೈನ್ ಸೇವೆಗಳಿಗೆ ಜೋತುಬಿದ್ದಿವೆ ಎಂಬುದು ಅವು ನಿಂತ ದಿನ ಕಾಣುತ್ತದೆ.

ಡಿ'ಸೋಜರಿಗೂ ಕಿಡಿಗೇಡಿಗೂ ಉತ್ತರ ಒಂದೇ: ಆಜ್ಞೆ ಬೇರೆ, ಮಾಹಿತಿ ಬೇರೆ. ವಾಕ್ಯವನ್ನು ಹೆಸರಿಲ್ಲದೆ, ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಟ್ಟು, ಮೊದಲೇ ಡೇಟಾಬೇಸಿಗೆ ಕಳಿಸಬೇಕು. ಅದು ವ್ಯಾಕರಣ ಪರೀಕ್ಷಿಸಿ ಅರ್ಥ ಗಟ್ಟಿಮಾಡಿಕೊಂಡ ನಂತರ ಹೆಸರನ್ನು ಪ್ರತ್ಯೇಕವಾಗಿ ಕೊಡಬೇಕು. ಬ್ಯಾಂಕಿನ ಚಲನ್‌ನಲ್ಲಿ ಹೆಸರಿನ ಮುಂದೆ ಯಾರಾದರೂ 'ಈತನಿಗೆ ಲಕ್ಷ ರೂಪಾಯಿ ಕೊಡಿ' ಎಂದು ಬರೆದರೆ ಗುಮಾಸ್ತರು ಹಣ ಎಣಿಸುವುದಿಲ್ಲ, ವಿಚಿತ್ರ ಹೆಸರು ಎಂದುಕೊಳ್ಳುತ್ತಾರೆ, ಹಾಗೆ. ಇದಕ್ಕೆ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಎನ್ನುತ್ತಾರೆ. ಪಿಎಚ್‌ಪಿಯಲ್ಲಿ ಈ ಸೌಲಭ್ಯ 2004-05ರಿಂದಲೇ ಇದೆ. ಮಾಹಿತಿಯನ್ನು ವಾಕ್ಯಕ್ಕೆ ಅಂಟಿಸಲು ಅಭ್ಯಾಸ ಮಾಡಿಸಿದ್ದ ಹಳೆಯ ಮೈಎಸ್‌ಕ್ಯುಎಲ್ ಆಜ್ಞೆಗಳನ್ನು 2015ರಲ್ಲಿ ಪಿಎಚ್‌ಪಿ 7 ತೆಗೆದೇ ಹಾಕಿತು. ಮಿತಿಯೂ ಉಂಟು: ಪ್ರಶ್ನಾರ್ಥಕ ಚಿಹ್ನೆಯ ಜಾಗದಲ್ಲಿ ಮೌಲ್ಯಗಳನ್ನಷ್ಟೇ ಇಡಬಹುದು, ಕೋಷ್ಟಕದ ಹೆಸರನ್ನು ಇಡಲಾಗದು.

ಎರಡನೆಯ ದೋಷ ಪಾಸ್‌ವರ್ಡ್ ಅನ್ನು ಇದ್ದಂತೆಯೇ ಬರೆದಿಡುವುದು. ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಷ್ಟು ಹಿಂದೆಯೇ ಪರಿಹಾರವನ್ನು ಬಿಡಿಸಿ ಹೇಳಿದ್ದರು. ಪಾಸ್‌ವರ್ಡ್ ಬೇಡ, ಅದನ್ನು ಹಿಂತಿರುಗಿಸಲಾಗದಂತೆ ಅರೆದು ಬಂದ ಹ್ಯಾಶ್ ಇಡಿ. ಒಂದೇ ಪಾಸ್‌ವರ್ಡ್ ಇಟ್ಟ ಇಬ್ಬರಿಗೆ ಒಂದೇ ಹ್ಯಾಶ್ ಬಾರದಂತೆ ಅರೆಯುವ ಮುನ್ನ ಸ್ವಲ್ಪ 'ಉಪ್ಪು' ಬೆರೆಸಿ. 33 ವರ್ಷಗಳ ನಂತರ, 2012ರಲ್ಲಿ, ಲಿಂಕ್ಡ್‌ಇನ್‌ನಿಂದ ಸೋರಿದ 65 ಲಕ್ಷ ಹ್ಯಾಶ್‌ಗಳಿಗೆ ಉಪ್ಪೇ ಹಾಕಿರಲಿಲ್ಲ. 1999ರಲ್ಲಿ ಬಂದ ಬಿಕ್ರಿಪ್ಟ್ ಉಪ್ಪನ್ನು ತಾನೇ ಬೆರೆಸುತ್ತದೆ, ಬೇಕೆಂದೇ ನಿಧಾನವಾಗಿ ಅರೆಯುತ್ತದೆ. ಅದು ಕೊಡುವ ಫಲಿತಾಂಶ 60 ಅಕ್ಷರ ಉದ್ದ. ಕಂಬಕ್ಕೆ 50 ಅಕ್ಷರದ ಮಿತಿ ಇಟ್ಟಿದ್ದರೆ ಹಳೆಯ ಮೈಎಸ್‌ಕ್ಯುಎಲ್ ಉಳಿದ ಹತ್ತನ್ನು ಸದ್ದಿಲ್ಲದೆ ಕತ್ತರಿಸಿ ಇಡುತ್ತಿತ್ತು. ನೋಂದಣಿ ಯಶಸ್ವಿ, ಎರರ್ ಇಲ್ಲ, ಯಾರಿಗೂ ಲಾಗಿನ್ ಆಗುವುದಿಲ್ಲ. ಹುಡುಕುವವರ ತಾಳ್ಮೆ ಪರೀಕ್ಷಿಸುವ ದೋಷ ಇದು.

ಕನ್ನಡದಲ್ಲಿ ಪಾಸ್‌ವರ್ಡ್ ಇಟ್ಟರೆ ಇನ್ನೂ ಎರಡು ತೊಡಕು. ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು, ಬಿಕ್ರಿಪ್ಟ್ ಗಮನಿಸುವುದು ಮೊದಲ 72 ಬೈಟ್‌ಗಳನ್ನು ಮಾತ್ರ. ಎಂದರೆ 24 ಸಂಕೇತ. ಒತ್ತು, ಗುಣಿತ ಎಲ್ಲ ಲೆಕ್ಕಕ್ಕೆ ಬರುವುದರಿಂದ ಉದ್ದದ ವಾಕ್ಯವೊಂದನ್ನು ಪಾಸ್‌ವರ್ಡ್ ಮಾಡಿಕೊಂಡರೆ ಬಾಲಕ್ಕೆ ಬೆಲೆಯೇ ಇಲ್ಲ. ಎರಡನೆಯದು ಸೂಕ್ಷ್ಮ. 'ಕೊ' ಎಂಬ ಅಕ್ಷರವನ್ನು ಕ ಮತ್ತು ಒಕಾರದ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಕ, ಎತ್ವ, ಊಕಾರದ ಚಿಹ್ನೆ ಎಂದು ಮೂರು ತುಂಡಾಗಿಯೂ ಬರೆಯಬಹುದು. ಯೂನಿಕೋಡ್ ಇವೆರಡನ್ನೂ ಸಮಾನ ಎನ್ನುತ್ತದೆ, ಪರದೆಯ ಮೇಲೆ ವ್ಯತ್ಯಾಸ ಕಾಣದು. ಹ್ಯಾಶ್ ಮಾತ್ರ ಬೈಟುಗಳನ್ನು ನೋಡುತ್ತದೆ. ಮನೆಯ ಕಂಪ್ಯೂಟರಿನ ಕೀಲಿಮಣೆ ಒಂದು ರೀತಿ ಕಳಿಸಿ ಫೋನು ಇನ್ನೊಂದು ರೀತಿ ಕಳಿಸಿದರೆ, ಅದೇ ಕೊಡಗು ಒಂದು ಕಡೆ ಸರಿ, ಇನ್ನೊಂದು ಕಡೆ ತಪ್ಪು. ಅರೆಯುವ ಮುನ್ನ ಎಲ್ಲವನ್ನೂ ಒಂದೇ ರೂಪಕ್ಕೆ ತರಬೇಕು ಎಂದು ಅಮೆರಿಕದ ಎನ್‌ಐಎಸ್‌ಟಿ ಮಾರ್ಗಸೂಚಿ ಹೇಳುತ್ತದೆ. ಲಾಗಿನ್ ಬರೆಯುವವರು ಇದನ್ನು ಓದಿಕೊಂಡರೆ ಕನ್ನಡಿಗರಿಗೆ ಉಪಕಾರ.

ಡೇಟಾಬೇಸಿನ ದೂರನ್ನು ಅಕ್ಷರಶಃ ಪುಟದ ಮೇಲೆ ಮುದ್ರಿಸುವುದೂ ಬೇಡ. ಅದರಲ್ಲಿ ಕೋಷ್ಟಕದ ಹೆಸರು, ಕಂಬದ ಹೆಸರು, ಕೆಲವೊಮ್ಮೆ ಅರ್ಧ ವಾಕ್ಯವೇ ಇರುತ್ತದೆ. ಹೊಂಚುವವರು ಬೇಕೆಂದೇ ಒಂಟಿ ಕೋಟ್ ಹಾಕಿ ಆ ದೂರು ಓದಲು ಬರುತ್ತಾರೆ. ಅದು ಸರ್ವರಿನ ದಾಖಲೆ ಕಡತಕ್ಕೆ ಹೋಗಲಿ, ಪುಟಕ್ಕೆ 'ಈಗ ಲಾಗಿನ್ ಆಗುತ್ತಿಲ್ಲ' ಎಂಬಷ್ಟೇ ಸಾಕು.

ಕೋಡ್ ಬರೆಯದ ಓದುಗರೂ ಒಂದು ಪರೀಕ್ಷೆ ಮಾಡಬಹುದು. ಯಾವುದಾದರೂ ತಾಣದಲ್ಲಿ 'ಪಾಸ್‌ವರ್ಡ್ ಮರೆತಿದ್ದೇನೆ' ಎಂದು ಒತ್ತಿ ನೋಡಿ. ಹೊಸದನ್ನು ಇಟ್ಟುಕೊಳ್ಳಲು ಕೊಂಡಿ ಬಂದರೆ ಸರಿ. ಹಳೆಯ ಪಾಸ್‌ವರ್ಡೇ ಇಮೇಲಿನಲ್ಲಿ ಬಂದರೆ, ಅದನ್ನು ಮತ್ತೆ ಓದಬಹುದಾದ ರೂಪದಲ್ಲೇ ಅಲ್ಲಿ ಇಟ್ಟಿದ್ದಾರೆ ಎಂದು ತಿಳಿಯಿರಿ. ಅದೇ ಪಾಸ್‌ವರ್ಡ್ ನಿಮ್ಮ ಬ್ಯಾಂಕಿಗೋ ಮುಖ್ಯ ಇಮೇಲಿಗೋ ಇದ್ದರೆ ಇವತ್ತೇ ಬದಲಾಯಿಸಿ.